ತೆರೆಯದ ಪೋರ್ಟಿನಿಂದ ಬಂದ ಸಾಲು

ದೆವ್ವ, ಶಕುನ, ಗಾಳಿ ಸೋಕುವುದು, ಮೈಮೇಲೆ ಬರುವುದು, ಇವು ಯಾವುದಕ್ಕೂ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಪಾಪಿನಾಯಕನಹಳ್ಳಿಯ ನಮ್ಮ ಓಣಿಯಲ್ಲಿ ಬುದ್ಧನ ಪಟವನ್ನು ಮೊದಲು ತಂದು ಗೋಡೆಗೆ ಹಾಕಿದವರು ನನ್ನ ಅಪ್ಪ. ಮಕ್ಕಳಿಗೆ ಜ್ವರ ಬಂದರೆ ಅಕ್ಕಪಕ್ಕದವರು ನಿಂಬೆಹಣ್ಣು ಇಳಿ ತೆಗೆಯುತ್ತಿದ್ದರು. ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಸಿಕ್ಕ ಲಾರಿ ಹತ್ತಿ ಹೊಸಪೇಟೆಯ ಆಸ್ಪತ್ರೆಗೆ ಬರುತ್ತಿದ್ದರು. ನಂಬದಿರುವುದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಅದು ಮನೆಯ ಊಟದ ಜೊತೆಗೇ ಬಂತು.

ಹಾಗಾಗಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಅವರು ಮುಗಿಸುವ ಮೊದಲೇ ನಾನು ಒಳಗೊಳಗೇ ಕಾರಣ ಹುಡುಕುತ್ತಿದ್ದೆ. ಸಾಮಾನ್ಯವಾಗಿ ಸಿಗುತ್ತಲೂ ಇತ್ತು. ಈಗ ನನ್ನದೇ ಒಂದು ಸಂಗತಿ ಹೇಳಲು ಕೂತಿದ್ದೇನೆ. ಓದುತ್ತ ಓದುತ್ತ ನೀವೂ ಕಾರಣ ಹುಡುಕಿದರೆ ನನಗೆ ಬೇಸರವಿಲ್ಲ. ಸಿಕ್ಕರೆ ದಯವಿಟ್ಟು ನನಗೂ ತಿಳಿಸಿ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಹೊಸಪೇಟೆಯ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ತುಂಗಭದ್ರೆಯ ದಂಡೆಯಿಂದ ನೀರೆತ್ತುವ ಕೆಲವು ಪಂಪ್‌ಹೌಸ್‌ಗಳ ಉಸ್ತುವಾರಿ ನಮ್ಮದಾಗಿತ್ತು. ಒಂದು ಬುಕ್ಕಸಾಗರದ ಹತ್ತಿರ, ಒಂದೆರಡು ಕಂಪ್ಲಿಯ ಕಡೆ, ಸಂಡೂರಿನ ಗುಡ್ಡದ ಬುಡದಲ್ಲಿ ನೀರನ್ನು ಮತ್ತೆ ಮೇಲಕ್ಕೆ ನೂಕುವ ಮತ್ತೊಂದು. ಕರೆಂಟು ಹೋದರೆ, ಮೋಟರು ನಿಂತರೆ ಅಲ್ಲಿದ್ದವರು ಫೋನ್ ಮಾಡಬೇಕು, ನಾವು ಓಡಬೇಕು. ಹೀಗೆಯೇ ನಡೆದುಕೊಂಡು ಬಂದಿತ್ತು. ಆ ವರ್ಷ ಪ್ರತಿ ಪಂಪ್‌ಹೌಸ್‌ಗೂ ಒಂದೊಂದು ಪುಟ್ಟ ಪೆಟ್ಟಿಗೆ ತಂದು ಕೂರಿಸಿದೆವು. ಒಳಗೆ ಸಿಮ್ ಕಾರ್ಡು, ಒಂದು ಸಣ್ಣ ಬ್ಯಾಟರಿ. ಕರೆಂಟು ಹೋಯಿತು, ಮೋಟರು ಶುರುವಾಯಿತು, ಬಾಗಿಲು ತೆರೆಯಿತು, ಹೀಗೆ ಅಲ್ಲಿ ನಡೆದದ್ದನ್ನೆಲ್ಲ ಅದು ಒಂದೊಂದು ಸಾಲಾಗಿ ಹೊಸಪೇಟೆಯ ನಮ್ಮ ಸರ್ವರ್‌ಗೆ ಕಳಿಸುತ್ತದೆ. ಆ ಸಾಲುಗಳಿಗೆ ನಾವು ಲಾಗ್ ಎನ್ನುತ್ತೇವೆ. ಎಲ್ಲ ಕಡೆಯ ಲಾಗ್‌ಗಳನ್ನು ಒಟ್ಟುಮಾಡಿ ಇಡುವ ಸಾಫ್ಟ್‌ವೇರನ್ನು ಸಜ್ಜುಗೊಳಿಸುವುದು ನನ್ನ ಕೆಲಸ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನೆಟ್‌ವರ್ಕಿನಲ್ಲಿರುವ ಕಂಪ್ಯೂಟರಿಗೆ ಬೇಕಾದಷ್ಟು ಬಾಗಿಲುಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರ್. ಅವೇ ಪೋರ್ಟ್. ಎಲ್ಲವೂ ಮುಚ್ಚಿಯೇ ಇರುತ್ತವೆ. ಹೊರಗಿನಿಂದ ಲಾಗ್ ಬರಬೇಕಾದರೆ, ಇಂಥ ನಂಬರಿನ ಪೋರ್ಟಿಗೆ ಕಿವಿಗೊಟ್ಟು ಕೂರು ಎಂದು ಸಾಫ್ಟ್‌ವೇರಿಗೆ ಹೇಳಬೇಕು. ಆ ಪೋರ್ಟಿಗೆ ಬರುವವರನ್ನು ತಡೆಯಬೇಡ ಎಂದು ಸರ್ವರಿನ ಕಾವಲು ವ್ಯವಸ್ಥೆಗೂ ಹೇಳಬೇಕು. ಇವೆರಡೂ ಆಗುವ ತನಕ ಆಚೆಯಿಂದ ಬಂದದ್ದೆಲ್ಲ ಹೊಸ್ತಿಲಿಗೆ ಬಡಿದು ಅಲ್ಲೇ ಇಲ್ಲವಾಗುತ್ತದೆ. ಕಳಿಸಿದ ಪೆಟ್ಟಿಗೆಗೂ ಅದು ಗೊತ್ತಾಗುವುದಿಲ್ಲ. ತಲುಪಿತೋ ಇಲ್ಲವೋ ಎಂದು ಕೇಳುವ ಅಭ್ಯಾಸವೇ ಅದಕ್ಕಿಲ್ಲ.

ಬುಕ್ಕಸಾಗರದ ಪಂಪ್‌ಹೌಸ್‌ನಲ್ಲಿ ಹಗಲು ಪಾಳಿ ಹುಲಿಗೆಮ್ಮನದು. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಮೈಕಟ್ಟು, ಗಟ್ಟಿ ದನಿ. ಮೊದಲು ಅವಳ ಗಂಡ ಅಲ್ಲಿ ಕೆಲಸ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಊರಿನವರೇ ಹೇಳಿ ಇವಳಿಗೆ ಆ ಕೆಲಸ ಕೊಡಿಸಿದ್ದರು. ಪೆಟ್ಟಿಗೆ ಕೂರಿಸಲು ಹೋದ ದಿನ ಅವಳು ನನಗೆ ಕೆಲಸ ಮಾಡಲು ಬಿಟ್ಟಿರಲಿಲ್ಲ. ಮೊದಲು ಊಟ ಎಂದು ಹಟ ಹಿಡಿದಳು. ಬಾಳೆ ಎಲೆಯ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಈರುಳ್ಳಿ. ನಾನು ಯಾವ ಓಣಿಯವಳು ಎಂದು ಅವಳು ಕೇಳಲಿಲ್ಲ. ಈ ಕಡೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಅದು ಎಷ್ಟು ದೊಡ್ಡ ಮಾತು ಎಂದು ಗೊತ್ತಿರುತ್ತದೆ. ನಾನದನ್ನು ಮರೆತಿಲ್ಲ.

ನದಿಯ ದಂಡೆಯಲ್ಲಿ ಆಳವಾದ ಸಿಮೆಂಟಿನ ಬಾವಿಯೊಂದಿದೆ. ನದಿಯ ನೀರು ಕೆಳಗಿನ ಕೊಳವೆಯಿಂದ ಅದರೊಳಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಪಂಪು ಮೇಲೆತ್ತುತ್ತದೆ. ಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ. ಆ ಮುಚ್ಚಳಕ್ಕೂ ಒಂದು ಸ್ವಿಚ್ಚು ಹಾಕಿ ಪೆಟ್ಟಿಗೆಗೆ ಜೋಡಿಸಿದ್ದೆವು. ಮುಚ್ಚಳ ತೆಗೆದರೆ ಒಂದು ಸಾಲು ಹೋಗಬೇಕು.

ಅದು ಶ್ರಾವಣದ ಒಂದು ಭಾನುವಾರ. ಡ್ಯಾಂ ತುಂಬಿ ನದಿಗೆ ನೀರು ಬಿಟ್ಟಿದ್ದರು. ಸೋಮವಾರ ಕಂಪನಿಯ ಯಜಮಾನರಿಗೆ ಎಲ್ಲ ತೋರಿಸಬೇಕಿತ್ತು, ಹಾಗಾಗಿ ರಜೆಯ ದಿನವೂ ಆಫೀಸಿಗೆ ಬಂದು ಕೂತಿದ್ದೆ. ನನ್ನ ಜೊತೆಗಿದ್ದವರು ಮಾಬುಸಾಬರು ಒಬ್ಬರೇ. ಪಂಪ್‌ಹೌಸ್‌ಗಳ ಮೋಟರು, ವೈರಿಂಗ್ ಎಲ್ಲ ಅವರದು; ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಅವರಿಗೆ ಮಾಬಣ್ಣ ಎನ್ನುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿತ್ತು. ಸರ್ವರ್ ತನಗೆ ತಾನೇ ಒಂದು ಸಾಲು ಬರೆದುಕೊಳ್ಳುವಂತೆ ಮಾಡಿ ಪರೀಕ್ಷಿಸಿದೆ. ಬಂದ ಸಾಲುಗಳನ್ನು ಬಂದ ಹಾಗೆ ತೋರಿಸುವ ಕಪ್ಪು ಕಿಟಕಿಯೊಂದನ್ನು ತೆರೆಯ ಮೇಲೆ ತೆರೆದಿಟ್ಟಿದ್ದೆ. ಅದರಲ್ಲಿ ನನ್ನ ಪರೀಕ್ಷೆಯ ಸಾಲು ಮೂಡಿತು. ಇನ್ನು ಉಳಿದದ್ದು ಹೊರಗಿನ ಪೋರ್ಟ್ ತೆರೆಯುವುದು. ಬೇಕಾದ ಸಾಲುಗಳನ್ನು ಸೆಟ್ಟಿಂಗ್ ಫೈಲಿನಲ್ಲಿ ಅರ್ಧ ಬರೆದಿದ್ದೆ, ಸೇವ್ ಮಾಡಿರಲಿಲ್ಲ. ಅಷ್ಟರಲ್ಲಿ ಮಾಬುಸಾಬರು ವಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದರು. ಬಿಸಿ ಆರುವ ಮೊದಲು ತಿನ್ನೋಣ ಎಂದು ನಾನು ಎದ್ದು ಈಚೆ ಬಂದೆ.

ತಿನ್ನುತ್ತ ತಿನ್ನುತ್ತ ಮಾಬುಸಾಬರು ತೆರೆಯ ಕಡೆ ನೋಡಿದರು.

“ಮೇಡಂ, ಬುಕ್ಕಸಾಗರದ್ದು ಮುಚ್ಚಳ ತೆರದೈತಿ ಅಂತ ಬರಾಕತ್ತೈತಲ್ಲ.”

ನನಗೆ ನಗು ಬಂತು. ಬರುವುದಕ್ಕೆ ಸಾಧ್ಯವೇ ಇಲ್ಲ, ನಾನಿನ್ನೂ ಪೋರ್ಟೇ ತೆರೆದಿಲ್ಲ ಎಂದೆ. ಅವರು ಮತ್ತೊಮ್ಮೆ ಓದಿದರು. ಸಾಲು ಇಂಗ್ಲಿಷಿನಲ್ಲಿತ್ತು, ಅವರು ಒಂದೊಂದೇ ಅಕ್ಷರ ಕೂಡಿಸಿ ಓದುವವರು, ಊಹೆಯಿಂದ ಓದುವವರಲ್ಲ. ನಾನು ಎಣ್ಣೆ ಕೈ ಒರೆಸಿಕೊಂಡು ಎದ್ದು ನೋಡಿದೆ. ನನ್ನ ಪರೀಕ್ಷೆಯ ಸಾಲಿನ ಕೆಳಗೆ ಬುಕ್ಕಸಾಗರದ ಹೆಸರು, ಮುಚ್ಚಳ ತೆರೆದಿದೆ ಎಂಬ ಮಾತು. ನಾನು ನೋಡುತ್ತಿದ್ದ ಹಾಗೆಯೇ ಅದರ ಕೆಳಗೆ ಇನ್ನೊಂದು ಬಂತು. ಸ್ವಲ್ಪ ತಡೆದು ಮತ್ತೊಂದು. ಆಮೇಲೆ ಬೇಗ ಬೇಗ ಎರಡು.

ಆಗ ನಾನು ಮಾಡಿದ ಕೆಲಸವನ್ನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಗಾಬರಿಯಾಗಲಿಲ್ಲ, ಸಿಟ್ಟು ಬಂತು. ಎಲ್ಲೋ ತಪ್ಪಾಗಿದೆ ಎಂದುಕೊಂಡು, ಈ ಸರ್ವರಿನಲ್ಲಿ ಯಾವ ಯಾವ ಪೋರ್ಟ್ ತೆರೆದಿವೆ ಎಂದು ತೋರಿಸುವ ಕಮಾಂಡ್ ಕೊಟ್ಟೆ. ಪಟ್ಟಿ ಬಂತು. ನಮಗೆ ಬೇಕಾದ ನಂಬರು ಅದರಲ್ಲಿ ಇರಲಿಲ್ಲ. ಕಾವಲು ವ್ಯವಸ್ಥೆಯನ್ನು ನೋಡಿದೆ, ಅಲ್ಲೂ ಮುಚ್ಚಿಯೇ ಇತ್ತು. ಪಕ್ಕದ ಕಿಟಕಿಯಲ್ಲಿ ಸಾಲುಗಳು ಮಾತ್ರ ಬರುತ್ತಲೇ ಇದ್ದವು. ಮುಚ್ಚಳ ತೆರೆದಿದೆ. ಮುಚ್ಚಳ ತೆರೆದಿದೆ.

ಮುಚ್ಚಳ ಒಂದು ಸಲ ತೆಗೆದರೆ ಒಂದೇ ಸಾಲು ಬರಬೇಕು. ಹೀಗೆ ಮೇಲಿಂದ ಮೇಲೆ ಬರುವುದು ಏಕೆ ಎಂದು ನಾನು ಯೋಚಿಸುತ್ತಿರುವಾಗ ಮಾಬುಸಾಬರು ಹುಲಿಗೆಮ್ಮನಿಗೆ ಫೋನ್ ಹಚ್ಚಿದ್ದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಅವರ ಮುಖ ಬದಲಾಯಿತು.

“ಹುಲಿಗೆಮ್ಮ ಫೋನ್ ಎತ್ತದ ಮನಷಾಳಲ್ಲ ಮೇಡಂ. ಹೊಳಿ ಬ್ಯಾರೆ ಏರಾಕತ್ತೈತಿ.”

ಪಂಪ್‌ಹೌಸ್‌ಗೆ ಹೊಂದಿಕೊಂಡೇ ಬಸವರಾಜ ಎಂಬವರ ಬಾಳೆತೋಟವಿದೆ. ನದಿಗೆ ನೀರು ಬಿಟ್ಟರೆ ದಂಡೆಯ ರೈತರು ತಮ್ಮ ಪಂಪ್‌ಸೆಟ್‌ಗಳನ್ನು ಬಿಚ್ಚಿ ಮೇಲೆ ಸಾಗಿಸಬೇಕು. ಆ ಕೆಲಸಕ್ಕೆಂದು ಬಸವರಾಜ ಅಳಿಯನನ್ನು ಕರೆದುಕೊಂಡು ಅವತ್ತು ತೋಟದಲ್ಲೇ ಇದ್ದರು. ಮಾಬುಸಾಬರು ಅವರಿಗೆ ಫೋನ್ ಮಾಡಿ, ಬಾವಿಯ ಕಡೆ ಒಂಚೂರು ನೋಡಿ ಬರ್ರಿ, ಹುಲಿಗೆಮ್ಮ ಫೋನ್ ಎತ್ತವಲ್ಲಳು ಎಂದರು. ಕಾರಣ ಕೇಳಿದರೆ ಏನು ಹೇಳಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವರು ಕೇಳಲಿಲ್ಲ.

ನಾವಿಬ್ಬರೂ ಬೈಕ್ ಹತ್ತಿದೆವು. ಕಮಲಾಪುರದಲ್ಲಿ ಹಂಪಿಗೆ ಬಂದ ಪ್ರವಾಸಿಗರ ಆಟೋಗಳು ರಸ್ತೆಗೆ ಅಡ್ಡ ನಿಂತಿದ್ದವು. ಮಾಬುಸಾಬರು ಎಂದೂ ಹಾರ್ನ್ ಹೊಡೆಯದವರು ಅವತ್ತು ಕೈ ತೆಗೆಯಲೇ ಇಲ್ಲ. ಊರು ದಾಟಿ ಕಂಪ್ಲಿ ರಸ್ತೆಗೆ ಬಿದ್ದು, ಆಚೆ ಈಚೆ ಬಂಡೆಗಳು ಕಳೆದು ಗದ್ದೆಗಳು ಶುರುವಾಗುವ ಹೊತ್ತಿಗೆ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಗಾಡಿ ನಿಲ್ಲಿಸಿ ಎತ್ತಿದರು. ಬಸವರಾಜರು ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಹಿಂದೆ ಕೂತ ನನಗೂ ಕೇಳಿಸಿತು. ಆಯಮ್ಮ ಬಾವಿಯೊಳಗಿದ್ದಾಳೆ, ಜೀವ ಇದೆ, ಹಗ್ಗ ಇಳಿಸಿದ್ದೇವೆ.

ನಾವು ತಲುಪಿದಾಗ ಅವಳನ್ನು ಮೇಲೆ ತಂದಿದ್ದರು. ಬಾಳೆಗೊನೆ ಹೊರುವ ಗೋಣಿತಟ್ಟಿನ ಮೇಲೆ ಮಲಗಿಸಿದ್ದರು, ಬಸವರಾಜರ ಪಂಚೆ ಮೈಮೇಲೆ ಹೊದಿಸಿತ್ತು. ಮೈ ನಡುಗುತ್ತಿತ್ತು, ಬಲಗೈ ಹೆಗಲಿನಿಂದ ಜೋತುಬಿದ್ದಿತ್ತು. ನಡೆದದ್ದು ಇಷ್ಟು: ನದಿ ಏರುವಾಗ ಅಂತರಗಂಗೆಯ ಕಳೆ ತೇಲಿ ಬಂದು ಬಾವಿಯೊಳಗೆ ಕೊಳವೆಯ ಬಾಯಿಗೆ ಹಾಕಿದ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಎಳೆದು ಹಾಕಲು ಮುಚ್ಚಳ ತೆಗೆದು ಕಬ್ಬಿಣದ ಏಣಿಯಲ್ಲಿ ನಾಲ್ಕು ಮೆಟ್ಟಿಲು ಇಳಿದಿದ್ದಾಳೆ. ಪಾಚಿಗೆ ಕಾಲು ಜಾರಿದೆ. ಬಿದ್ದಾಗ ಹೆಗಲು ಮುರಿದಿದೆ. ಒಂದೇ ಕೈಯಲ್ಲಿ ಏಣಿ ಹತ್ತಲಾಗದೆ, ಪಂಪಿನ ದಪ್ಪ ಪೈಪನ್ನು ಕಾಲಿನಿಂದ ತಬ್ಬಿ ನಿಂತಿದ್ದಾಳೆ. ಫೋನು ಮೇಲೆ ಸ್ಟಾರ್ಟರ್ ಡಬ್ಬಿಯ ಮೇಲಿತ್ತು. ಅದು ರಿಂಗಾಗುವುದು ಕೆಳಗೆ ಅವಳಿಗೆ ಕೇಳಿಸುತ್ತಿತ್ತಂತೆ. ಮೊದಲು ಸೊಂಟದ ತನಕವಿದ್ದ ನೀರು ಬಸವರಾಜ ಬಂದಾಗ ಕುತ್ತಿಗೆಗೆ ಬಂದಿತ್ತು.

ನಾನು ಅವಳ ತಲೆಯ ಹತ್ತಿರ ಕೂತೆ. ಅವಳು ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದಳು.

“ಬಡದೆ ಬಡದೆ ಬಡದೆನವ್ವಾ,” ಎಂದಳು. “ಬೀಗದ ಕೈ ಗೊಂಚಲು ಇತ್ತು ಸೊಂಟದಾಗ. ಅದರಲೆ ಪೈಪಿಗೆ ಬಡದೆ. ಕೂಗೂದು ಯಾರಿಗೆ ಕೇಳಸ್ತೈತಿ, ಹೊಳಿ ಸಪ್ಪಳದಾಗ.”

ನಾನು ಮಾಬುಸಾಬರ ಮುಖ ನೋಡಿದೆ. ಅವರೂ ನನ್ನ ಮುಖ ನೋಡುತ್ತಿದ್ದರು. ಬಾಳೆಕಾಯಿ ಸಾಗಿಸುವ ಸಣ್ಣ ಟೆಂಪೊದಲ್ಲಿ ಅವಳನ್ನು ಹೊಸಪೇಟೆಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆವು. ಕಂಪ್ಲಿಯಲ್ಲಿದ್ದ ಅವಳ ಮಗಳು ಓಡಿ ಬಂದಳು. ಡಾಕ್ಟರು ಹೆಗಲಿಗೆ ಪಟ್ಟಿ ಹಾಕಿ, ಜೀವಕ್ಕೇನೂ ಭಯವಿಲ್ಲ ಎಂದ ಮೇಲೆ ನಾನು ಆಸ್ಪತ್ರೆಯ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಕಪ್ಪು ಕಿಟಕಿ ತೆರೆದೇ ಇತ್ತು. ಅದರಲ್ಲಿ ನನ್ನ ಪರೀಕ್ಷೆಯ ಒಂದು ಸಾಲು, ಅಷ್ಟೇ. ಕೆಳಗೆ ಖಾಲಿ. ಸಾಲುಗಳು ಶೇಖರವಾಗುವ ಫೈಲ್ ತೆರೆದು ನೋಡಿದೆ; ಅಲ್ಲೂ ಅದೊಂದೇ. ಸೆಟ್ಟಿಂಗ್ ಫೈಲು ನಾನು ಬಿಟ್ಟುಹೋದ ಹಾಗೆ ಅರ್ಧಕ್ಕೇ ನಿಂತಿತ್ತು. ಪೋರ್ಟ್ ಮುಚ್ಚಿಯೇ ಇತ್ತು. ಮಾಬುಸಾಬರು ಬಂದು ನೋಡಿದರು. ಆ ಖಾಲಿ ಜಾಗಕ್ಕೆ ಬೆರಳಿಟ್ಟು, “ನಾ ಓದೀನಿ ಮೇಡಂ. ಎಲ್ಲಿ ಬೇಕಾದ್ರೂ ಹೇಳ್ತೀನಿ,” ಎಂದರು.

ಮುಂದಿನ ಒಂದು ವಾರ ನಾನು ಮಾಡಿದ್ದೆಲ್ಲ ಕಾರಣ ಹುಡುಕುವ ಕೆಲಸವೇ. ಮೊದಲು ಬುಕ್ಕಸಾಗರಕ್ಕೆ ಹೋಗಿ ಪೆಟ್ಟಿಗೆಯ ಮೆಮೊರಿಯಲ್ಲಿ ಉಳಿದದ್ದನ್ನು ತೆಗೆದು ನೋಡಿದೆ. ಅದು ನಿಜಕ್ಕೂ ಅವತ್ತು ಆ ಸಾಲನ್ನು ಮೇಲಿಂದ ಮೇಲೆ ಕಳಿಸಿತ್ತು. ಪೆಟ್ಟಿಗೆ ತಯಾರಿಸಿದವರಿಗೆ ಫೋನ್ ಮಾಡಿ ವಿವರಿಸಿದೆ. ಅವರು ಕಾರಣ ಹೇಳಿದರು: ತೆರೆದ ಮುಚ್ಚಳ ಪೈಪಿಗೆ ಆನಿಕೊಂಡಿತ್ತು, ಹೆಂಗಸು ಪೈಪಿಗೆ ಬಡಿದಾಗಲೆಲ್ಲ ಮುಚ್ಚಳ ಅದುರಿ ಸ್ವಿಚ್ಚು ಅಲುಗಿದೆ, ಅಲುಗಿದಾಗಲೆಲ್ಲ ಒಂದು ಸಾಲು ಹೋಗಿದೆ. ಸರಿ, ಒಪ್ಪುವಂಥ ಮಾತು. ನಾನೇ ಬೀಗದ ಕೈ ಹಿಡಿದು ಪೈಪಿಗೆ ಬಡಿದು ನೋಡಿದೆ, ಹಾಗೆಯೇ ಆಯಿತು.

ಹೀಗೆ ಕಳಿಸಿದ್ದಕ್ಕೆ ಕಾರಣ ಸಿಕ್ಕಿತು. ಬಂದದ್ದಕ್ಕೆ ಸಿಗಲಿಲ್ಲ. ಪೋರ್ಟ್ ಮುಚ್ಚಿಟ್ಟು, ಬುಕ್ಕಸಾಗರದಲ್ಲಿ ಮಾಬುಸಾಬರಿಂದ ಮುಚ್ಚಳ ತೆಗೆಸಿ, ಹಾಕಿಸಿ, ಬಡಿಸಿ ನೋಡಿದೆ. ಹೊಸಪೇಟೆಯ ತೆರೆಯ ಮೇಲೆ ಏನೂ ಬರಲಿಲ್ಲ. ಬರಬಾರದು ಕೂಡ. ಪೋರ್ಟ್ ತೆರೆದ ಮೇಲೆ ಎಲ್ಲ ಸರಿಯಾಗಿ ಬಂತು, ನಾನು ಅಲ್ಲಿರುವ ತನಕವೂ ಬರುತ್ತಿತ್ತು. ಪೋರ್ಟ್ ತೆರೆದು ಆಮೇಲೆ ಮರೆತಿದ್ದೆನೇ? ತೆರೆದಿದ್ದರೆ ಸರ್ವರ್ ಅದನ್ನು ಬರೆದುಕೊಂಡಿರುತ್ತಿತ್ತು; ಬರೆದುಕೊಂಡಿಲ್ಲ. ಕೆಲಸದ ಆಯಾಸದಲ್ಲಿ ಇಲ್ಲದ್ದನ್ನು ಕಂಡೆನೇ? ಇರಬಹುದು ಎನ್ನುತ್ತಿದ್ದೆ, ಆದರೆ ಮೊದಲು ಓದಿದ್ದು ನಾನಲ್ಲ. ನನ್ನ ಜೊತೆ ಕಾಲೇಜಿನಲ್ಲಿ ಓದಿದ, ಈಗ ತೋರಣಗಲ್ಲಿನಲ್ಲಿ ಇದೇ ಬಗೆಯ ಕೆಲಸ ಮಾಡುವ ಗೆಳತಿಗೆ ಎಲ್ಲ ಹೇಳಿದೆ. ಅವಳು ಇಡೀ ಒಂದು ಮಧ್ಯಾಹ್ನ ನಮ್ಮ ಸರ್ವರನ್ನು ಜಾಲಾಡಿ, ಕೊನೆಗೆ ನನ್ನನ್ನೇ ಅನುಮಾನದಿಂದ ನೋಡಿ ಹೋದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಪ್ಪನಿಗೆ ಹೇಳಲು ಬಹಳ ದಿನ ಹಿಂಜರಿದೆ. ದೊಡ್ಡ ಮಗಳು ಓದಿ ಕೊನೆಗೆ ಇಂಥದ್ದನ್ನೆಲ್ಲ ನಂಬುವ ಮಟ್ಟಕ್ಕೆ ಬಂದಳೇ ಎಂದುಕೊಳ್ಳುತ್ತಾರೆ ಎಂಬ ಭಯ. ಒಂದು ಸಂಜೆ ಅವರು ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದಾಗ ಹೇಳಿದೆ. ಹೊಸೆಯುವುದು ಬಿಟ್ಟು ಕೇಳಿಸಿಕೊಂಡರು. ಏನೇನು ಪರೀಕ್ಷೆ ಮಾಡಿದೆ ಎಂದು ವಿಚಾರಿಸಿದರು. ಎಲ್ಲ ಹೇಳಿದೆ.

“ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅನಬೇಕು,” ಎಂದರು ಅಪ್ಪ. “ಅದಕ್ಕ ನಾಚಿಕಿ ಯಾಕ. ಆಯಮ್ಮ ಈಗ ಹೆಂಗದಾಳ, ಅದನ್ನ ಹೇಳು.”

ಅಪ್ಪ ಅಷ್ಟು ಹಗುರವಾಗಿ ಅದನ್ನು ತೆಗೆದುಕೊಂಡದ್ದು ನನಗೆ ದೊಡ್ಡ ಸಮಾಧಾನವಾಯಿತು. ಆದರೂ ಒಂದು ಕೊರಗು ಉಳಿದಿತ್ತು. ಮಾಬುಸಾಬರು ಆ ಶುಕ್ರವಾರವೇ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿ, ನನಗೂ ಒಂದು ಪೊಟ್ಟಣ ತಂದುಕೊಟ್ಟರು. ಹುಲಿಗೆಮ್ಮನ ಮಗಳು, ಅವ್ವನ ಹೆಸರಿನ ದೇವಿಗೆ ಹೊಳೆ ದಾಟಿ ಹೋಗಿ ಉಡಿ ತುಂಬಿ ಬಂದಳು. ಬಸವರಾಜರು ಊರ ಹನುಮಪ್ಪನಿಗೆ ಕಾಯಿ ಒಡೆಸಿದರು. ಅವರೆಲ್ಲರ ಮುಖದಲ್ಲೂ ಕೊಡಬೇಕಾದದ್ದನ್ನು ಕೊಟ್ಟುಬಂದ ನೆಮ್ಮದಿ ಇತ್ತು. ನನ್ನ ಎದೆಯಲ್ಲೂ ಅಷ್ಟೇ ಕೃತಜ್ಞತೆ ತುಂಬಿತ್ತು, ಅದನ್ನು ಒಯ್ದು ಯಾರ ಮುಂದಿಡಬೇಕು ಎಂದು ಮಾತ್ರ ನನಗೆ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಲಿಗೆಮ್ಮನನ್ನು ನೋಡಲು ಬುಕ್ಕಸಾಗರಕ್ಕೆ ಹೋದೆ. ಮತ್ತೆ ಕೆಲಸಕ್ಕೆ ಬಂದಿದ್ದಳು. ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಕಂಡಕೂಡಲೇ ಎಡಗೈಯಲ್ಲಿ ನನ್ನ ಗಲ್ಲ ಮುಟ್ಟಿ, ನೀನು ಉಳಿಸಿದ ಜೀವ ಇದು ಎಂದಳು. ನನಗೆ ತಡೆಯಲಾಗಲಿಲ್ಲ. ನಾವು ಮಂಡಕ್ಕಿ ತಿನ್ನುತ್ತ ಕೂತಿದ್ದರಿಂದ ಹಿಡಿದು ಅವಳಿಗೆ ಅರ್ಥವಾಗುವ ಹಾಗೆ ಎಲ್ಲ ಬಿಡಿಸಿ ಹೇಳಿದೆ: ನಾನೇನೂ ಮಾಡಿಲ್ಲ, ನಿನ್ನ ಸುದ್ದಿ ಬರಬೇಕಾದ ಬಾಗಿಲನ್ನು ನಾನು ತೆರೆದೇ ಇರಲಿಲ್ಲ, ಅದು ಹೇಗೆ ಒಳಗೆ ಬಂತೋ ನನಗೆ ಗೊತ್ತಿಲ್ಲ.

ಅವಳು ಪೂರ್ತಿ ಕೇಳಿದಳು. ಅಚ್ಚರಿಪಟ್ಟ ಹಾಗೆ ಕಾಣಲಿಲ್ಲ.

“ಹೆಂಗ ಬಂತೋ ಬಂತವ್ವಾ,” ಎಂದಳು. “ಬಂದ ಮ್ಯಾಲ ನೀವು ಸುಮ್ಮನ ಕುಂದರಲಿಲ್ಲಲ್ಲ. ತಿನ್ನೂದು ಬಿಟ್ಟು ಎದ್ದು ಬಂದ್ರಿ.”

ಪೋರ್ಟ್ ಮುಚ್ಚಿದೆ, ಇದು ಸುಳ್ಳು ಸಾಲು ಎಂದು ಕಿಟಕಿ ಮುಚ್ಚಿ ಮತ್ತೆ ಮಿರ್ಚಿ ತಿನ್ನಲು ಕೂರುವುದು ನನಗೆ ಅವತ್ತು ಬಹಳ ಸುಲಭವಿತ್ತು. ನನ್ನ ಓದು, ನನ್ನ ಅನುಭವ ಎರಡೂ ಅದನ್ನೇ ಹೇಳುತ್ತಿದ್ದವು. ಅಂಥ ಹೊತ್ತಿನಲ್ಲಿ ಮಾಬುಸಾಬರು ಪಕ್ಕದಲ್ಲಿದ್ದರು, ಫೋನ್ ಹಚ್ಚಿದರು. ಬಸವರಾಜರು ತೋಟದಲ್ಲಿದ್ದರು, ಏಕೆ ಎಂದು ಕೇಳದೆ ಓಡಿದರು.

ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ, ದೇವರ ವಿಷಯದಲ್ಲೂ ನನ್ನ ಮನಸ್ಸು ಬದಲಾಗಿಲ್ಲ. ಬೇರೆ ಕಂಪನಿಗೆ ಬಂದು ಎಷ್ಟೋ ಕಾಲವಾಯಿತು. ಎಷ್ಟೋ ಸರ್ವರ್‌ಗಳಲ್ಲಿ ಎಷ್ಟೋ ಪೋರ್ಟ್‌ಗಳನ್ನು ತೆರೆದಿದ್ದೇನೆ, ಮುಚ್ಚಿದ್ದೇನೆ. ಮುಚ್ಚಿದ್ದರಿಂದ ಒಂದಕ್ಷರವೂ ಮತ್ತೆಂದೂ ಬಂದಿಲ್ಲ. ಆ ಭಾನುವಾರ ಬಂದದ್ದು ಹೇಗೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹುಲಿಗೆಮ್ಮನ ಮೊಮ್ಮಗಳಿಗೆ ಹೋದ ತಿಂಗಳು ತೊಟ್ಟಿಲು ಹಾಕಿದರು. ಕಂಪ್ಲಿಗೆ ಹೋಗಿದ್ದೆ. ಅಜ್ಜಿ ಎಡಗೈಯಲ್ಲೇ ತೊಟ್ಟಿಲು ತೂಗುತ್ತ, ಗಟ್ಟಿ ದನಿಯಲ್ಲಿ ಎಲ್ಲರನ್ನೂ ಊಟಕ್ಕೆ ಏಳಿಸುತ್ತಿದ್ದಳು.